ಮರಕ್ಕಿಂತ ಮೊದಲು ಗೆದ್ದಲಿನ ಪರೀಕ್ಷೆ

ಪ್ಲೈವುಡ್ ಅಂಗಡಿಯಲ್ಲಿ ಹಲಗೆಯ ಮೇಲೆ ‘ಗೆದ್ದಲು ನಿರೋಧಕ’ ಎಂಬ ಮುದ್ರೆ ಕಂಡವರು ಮರ ಯಾವುದು, ಔಷಧಿ ಯಾವುದು, ಗ್ಯಾರಂಟಿ ಎಷ್ಟು ವರ್ಷ ಎಂದು ವಿಚಾರಿಸುತ್ತಾರೆ. ಆ ಮುದ್ರೆಗೆ ಆಧಾರವಾದ ಗೆದ್ದಲು ಯಾವ ಜಾತಿಯದು, ಎಲ್ಲಿಂದ ಹಿಡಿದು ತಂದದ್ದು, ಪರೀಕ್ಷೆಗೆ ಬಿಟ್ಟ ದಿನ ಅದರ ಮೈಯಲ್ಲಿ ಕಸುವಿತ್ತೇ ಎಂದು ಕೇಳುವವರು ಅಪರೂಪ. ಆದರೆ ಪ್ರಯೋಗಾಲಯದ ಗಾಜಿನ ಜಾಡಿಯಲ್ಲಿ ತೀರ್ಪು ಕೊಡುವುದು ಗೆದ್ದಲೇ. ತಕ್ಕಡಿ ಸರಿಯಿಲ್ಲದಿದ್ದರೆ ತೂಕದ ಮಾತಿಗೆ ಅರ್ಥವಿಲ್ಲ. ಹಾಗೆಯೇ, ಸೊರಗಿದ ಗೆದ್ದಲು ತಿನ್ನದೆ ಬಿಟ್ಟ ಮರವನ್ನು ಗಟ್ಟಿ ಮರವೆಂದು ಸಾರಿದರೆ ಆ ಸಾರಿಕೆಗೂ ಅರ್ಥವಿಲ್ಲ. ಗೆದ್ದಲನ್ನು ಹಿಡಿಯುವುದು, ವಿಂಗಡಿಸುವುದು, ಸಾಕುವುದು ಇವೆಲ್ಲ ಪರೀಕ್ಷೆಗೆ ಮುಂಚಿನ ಚಿಲ್ಲರೆ ಕೆಲಸಗಳೆಂದು ನಾವು ತಿಳಿದಿದ್ದೇವೆ. ಪರೀಕ್ಷೆಯ ಅರ್ಧ ಭಾಗ ಇವೇ ಎಂಬುದು ಈ ಲೇಖನದ ವಾದ. ಅದರಲ್ಲೂ ಭಾರತದ ಮಟ್ಟಿಗೆ ಈ ಅರ್ಧ ಭಾಗ ಬೇರೆ ದೇಶಗಳಿಗಿಂತ ಹೆಚ್ಚು ಜಟಿಲವಾದದ್ದು, ಏಕೆಂದರೆ ನಮ್ಮ ಮುಖ್ಯ ಗೆದ್ದಲುಗಳು ಜಾಡಿಯೊಳಗೆ ಸುಲಭವಾಗಿ ಬದುಕುವ ಜಾತಿಯವಲ್ಲ.

ಈ ಪ್ರಶ್ನೆ ಈಗ ಮುನ್ನೆಲೆಗೆ ಬರಲು ಕಾರಣ ಮರಕ್ಕೆ ಹಾಕುವ ಔಷಧಿಗಳು ಬದಲಾದದ್ದು. 1930ರ ದಶಕದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ರೂಪಿಸಿದ ಸಂರಕ್ಷಕ ಜಗತ್ತಿನಾದ್ಯಂತ ಹರಡಿತು. ಮಣ್ಣಿನ ಉಪಚಾರಕ್ಕೆ ಆಲ್ಡ್ರಿನ್, ಡೈಎಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಬಂದವು. ಇವು ಎಷ್ಟು ಉಗ್ರ, ಎಷ್ಟು ದೀರ್ಘಕಾಲ ಉಳಿಯುವ ವಿಷಗಳೆಂದರೆ, ಪರೀಕ್ಷೆಯಲ್ಲಿ ಬಳಸಿದ ಗೆದ್ದಲು ಬಲವಾಗಿರಲಿ ಬಡವಾಗಿರಲಿ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತಿರಲಿಲ್ಲ. ಮುಂದೆ ಕಾಲ ತಿರುಗಿತು. 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಹನ್ನೆರಡು ವಿಷಗಳ ಪಟ್ಟಿಯಲ್ಲೇ ಈ ನಾಲ್ಕೂ ಸೇರಿದವು. ಅಮೆರಿಕದ ಉದ್ಯಮ 2003ರ ಕೊನೆಗೆ ಮನೆಬಳಕೆಯ ಮರದಿಂದ ಆರ್ಸೆನಿಕ್ ಸಂರಕ್ಷಕವನ್ನು ಹಿಂದಕ್ಕೆ ತೆಗೆದುಕೊಂಡಿತು. ಅವುಗಳ ಜಾಗಕ್ಕೆ ಬರುತ್ತಿರುವ ಬೋರಾನ್ ಲವಣಗಳು, ತಾಮ್ರದ ಹೊಸ ಮಿಶ್ರಣಗಳು, ಬೇವು ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆಯಂಥ ಸಸ್ಯಮೂಲದ ದ್ರವ್ಯಗಳು ಮೃದುವಾದವು. ಕೆಲವು ನಿಧಾನವಾಗಿ ಕೊಲ್ಲುತ್ತವೆ, ಕೆಲವು ಕೊಲ್ಲದೆ ದೂರವಿಡುತ್ತವೆ. ಬೋರಾನ್ ತಿಂದ ಗೆದ್ದಲು ಸಾಯಲು ದಿನಗಳು ಹಿಡಿಯುತ್ತವೆ. ತಾವಾಗಿಯೇ ಕ್ಷೀಣಿಸುತ್ತಿರುವ ಗೆದ್ದಲುಗಳನ್ನು ಬಿಟ್ಟರೆ ಆ ಸಾವು ಬೋರಾನಿನದೋ ಜಾಡಿಯದೋ ಎಂದು ಬೇರ್ಪಡಿಸುವುದು ಕಷ್ಟ. ಔಷಧಿ ಮೃದುವಾದಷ್ಟೂ ಪರೀಕ್ಷಕ ಹುಳು ಗಟ್ಟಿಯಾಗಿರಬೇಕಾಗುತ್ತದೆ.

ಗೆದ್ದಲು ಮರ ತಿನ್ನುತ್ತದೆ ಎಂಬ ಮಾತೇ ಒಂದಿಷ್ಟು ಅಪೂರ್ಣ. ನಾವು ಒಂದೇ ಹೆಸರಿನಿಂದ ಕರೆಯುವ ಈ ಕೀಟದಲ್ಲಿ ಜಗತ್ತಿನಾದ್ಯಂತ ಸುಮಾರು 3,000 ಜಾತಿಗಳಿವೆ. ಡೆಹ್ರಾಡೂನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ಕುಮಾರ್ ಕೃಷ್ಣ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಏಳು ಸಂಪುಟಗಳ ಗೆದ್ದಲು ಕೋಶ, ಪಳೆಯುಳಿಕೆಗಳೂ ಸೇರಿ 3,106 ಜಾತಿಗಳನ್ನು ಪಟ್ಟಿ ಮಾಡಿದೆ. ಇವುಗಳಲ್ಲಿ ಕಟ್ಟಡಕ್ಕೋ ಬೆಳೆಗೋ ಕಂಟಕವಾದವು ಬಹಳ ಕಡಿಮೆ; ಉಳಿದವು ಕಾಡಿನ ನೆಲದಲ್ಲಿ ಉದುರಿದ ಎಲೆ, ಕೊಂಬೆ, ಹುಲ್ಲು, ಸಗಣಿಯನ್ನು ಮಣ್ಣಿಗೆ ಸೇರಿಸುವ ಕೆಲಸಗಾರರು. ಮರದ ನಾರಾದ ಸೆಲ್ಯುಲೋಸನ್ನು ಜೀರ್ಣಿಸುವ ಬಗೆಯಲ್ಲೂ ಇವು ಒಂದೇ ಅಲ್ಲ. ರೆಟಿಕ್ಯುಲಿಟರ್ಮಿಸ್, ಕಾಪ್ಟೊಟರ್ಮಿಸ್, ಹೆಟೆರೊಟರ್ಮಿಸ್ ಮುಂತಾದ ಕುಲಗಳ ಕರುಳಿನಲ್ಲಿ ಏಕಕೋಶ ಜೀವಿಗಳು ತುಂಬಿಕೊಂಡಿರುತ್ತವೆ. 1920ರ ದಶಕದಲ್ಲಿ ಅಮೆರಿಕದ ಎಲ್. ಆರ್. ಕ್ಲೀವ್‌ಲ್ಯಾಂಡ್ ಅವರು ಬಿಸಿ, ಉಪವಾಸ, ಒತ್ತಡದ ಆಮ್ಲಜನಕ ಇವುಗಳ ಮೂಲಕ ಆ ಜೀವಿಗಳನ್ನು ಮಾತ್ರ ಕೊಂದು ತೋರಿಸಿದರು: ಗೆದ್ದಲು ಮರ ತಿನ್ನುವುದನ್ನು ಬಿಡಲಿಲ್ಲ, ಆದರೆ ತಿಂದದ್ದು ಜೀರ್ಣವಾಗದೆ ಸತ್ತಿತು. ಈ ಪ್ರಯೋಗದಲ್ಲಿ ಪರೀಕ್ಷಾಲಯಕ್ಕೆ ಒಂದು ಎಚ್ಚರಿಕೆಯೂ ಇದೆ. ಗೆದ್ದಲನ್ನು ಬಿಸಿಲಲ್ಲಿ ಸಾಗಿಸಿದರೆ, ದಿನಗಟ್ಟಲೆ ಹಸಿವಿನಲ್ಲಿ ಇಟ್ಟರೆ, ಕಣ್ಣಿಗೆ ಆರೋಗ್ಯವಾಗಿ ಕಾಣುವ ಹುಳುವಿನ ಒಳಗಿನ ಅಡುಗೆಮನೆ ಆಗಲೇ ಕೆಟ್ಟಿರಬಹುದು.

ಎರಡನೆಯ ಸಂಗತಿ, ಗೆದ್ದಲು ಒಂಟಿಯಾಗಿ ಬದುಕುವ ಕೀಟವಲ್ಲ. ಕೆಲಸಗಾರ ಗೆದ್ದಲು ಪೊರೆ ಬಿಟ್ಟಾಗಲೆಲ್ಲ ಕರುಳಿನ ಒಳಪದರದೊಂದಿಗೆ ಆ ಏಕಕೋಶ ಜೀವಿಗಳನ್ನೂ ಕಳೆದುಕೊಳ್ಳುತ್ತದೆ. ಸಂಗಾತಿಗಳ ಗುದದ್ವಾರದಿಂದ ಬರುವ ದ್ರವ ಕುಡಿದು ಮತ್ತೆ ಪಡೆಯುತ್ತದೆ. ಸೈನಿಕ ಗೆದ್ದಲಿನ ದವಡೆ ಯುದ್ಧಕ್ಕೆ ಮಾತ್ರ ಯೋಗ್ಯವಾದ್ದರಿಂದ ಅದಕ್ಕೆ ಕೆಲಸಗಾರರೇ ಉಣಿಸಬೇಕು. ಮೈಮೇಲೆ ಕುಳಿತ ಶಿಲೀಂಧ್ರದ ಬೀಜಾಣುಗಳನ್ನು ಒಂದನ್ನೊಂದು ನೆಕ್ಕಿ ತೆಗೆಯುತ್ತವೆ. ಒಂಟಿಯಾದ ಗೆದ್ದಲು ಮೆಟರೈಜಿಯಂನಂಥ ಶಿಲೀಂಧ್ರಕ್ಕೆ ಗುಂಪಿನಲ್ಲಿರುವುದಕ್ಕಿಂತ ಬೇಗ ಬಲಿಯಾಗುತ್ತದೆ. ಹೀಗಾಗಿ ಜಾಡಿಗೆ ಎಷ್ಟು ಹುಳು ಬಿಡಬೇಕು, ಅದರಲ್ಲಿ ಸೈನಿಕರು ಎಷ್ಟು ಎಂಬ ಪ್ರಶ್ನೆ ಕೇವಲ ಲೆಕ್ಕದ್ದಲ್ಲ. ಕಡಿಮೆ ಬಿಟ್ಟರೆ ಗುಂಪು ಗುಂಪಾಗಿ ನಿಲ್ಲುವುದಿಲ್ಲ; ಸೈನಿಕರು ಹೆಚ್ಚಾದರೆ ಉಣಿಸುವ ಹೊರೆಯಲ್ಲಿ ಕೆಲಸಗಾರರು ಬಸವಳಿಯುತ್ತಾರೆ. ತೀರಾ ಎಳೆಯ ಮರಿಗಳು ಮರ ಕಡಿಯಲಾರವು, ಆದ್ದರಿಂದ ಬಲಿತ ಕೆಲಸಗಾರರನ್ನೇ ಆರಿಸಬೇಕು. ರಾಣಿಯಿಲ್ಲದ ಈ ಕೃತಕ ಗುಂಪು ಮೊದಲ ದಿನದಿಂದಲೇ ಇಳಿಮುಖದಲ್ಲಿರುತ್ತದೆ. ಆ ಇಳಿತ ಪರೀಕ್ಷೆಯ ಅವಧಿ ಮುಗಿಯುವವರೆಗೆ ತೀರ್ಪನ್ನು ಕೆಡಿಸದಷ್ಟು ನಿಧಾನವಾಗಿರುವಂತೆ ನೋಡಿಕೊಳ್ಳುವುದೇ ಸಾಕಣೆಯ ಗುರಿ.

ಹಿಡಿಯುವ ವಿಧಾನಗಳ ಇತಿಹಾಸ ಈ ಅರಿವು ಬೆಳೆದ ಇತಿಹಾಸವೂ ಹೌದು. ಮೊದಮೊದಲು ಗೆದ್ದಲು ಹಿಡಿದ ದಿಮ್ಮಿ ಸೀಳಿ, ಕುಂಚದಿಂದ ಹುಳುಗಳನ್ನು ಉದುರಿಸಿಕೊಳ್ಳುತ್ತಿದ್ದರು. ಇದರಿಂದ ಸಿಗುವ ಸಂಖ್ಯೆ ಕಡಿಮೆ, ಗಾಯಗೊಳ್ಳುವ ಹುಳುಗಳು ಹೆಚ್ಚು. ಮೈಯ ಚರ್ಮ ತೆಳುವಾದ ಈ ಕೀಟಕ್ಕೆ ಒಂದು ಒರಟು ಇಕ್ಕಳದ ಒತ್ತು ಸಾಕು. ಹುತ್ತ ಕಟ್ಟುವ ಜಾತಿಗಳಿರುವ ಆಸ್ಟ್ರೇಲಿಯದಲ್ಲಿ ಬೇರೆ ದಾರಿ ಹುಟ್ಟಿತು. ಅಲ್ಲಿನ ಸಿಎಸ್‌ಐಆರ್‌ಒ ಸಂಸ್ಥೆಯ ಎಫ್. ಜೆ. ಗೇ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಹುತ್ತದಿಂದ ತೆಗೆದ ಗೆದ್ದಲುಗಳನ್ನು ತೂಕ ಮಾಡಿ, ಹುತ್ತದ ವಸ್ತುವಿನ ಜೊತೆಗೇ ಜಾಡಿಗೆ ಹಾಕಿ, ಎಲ್ಲ ಜಾಡಿಗಳಲ್ಲೂ ಒಂದೇ ಬಗೆಯ ‘ಪ್ರಮಾಣಿತ ಗುಂಪು’ ಇರುವಂತೆ ಮಾಡಿದರು. ನೆಲದೊಳಗೆ ಸುರಂಗ ಕೊರೆದು ಗೂಡು ಎಲ್ಲಿದೆಯೆಂದೇ ತೋರಗೊಡದ ಕಾಪ್ಟೊಟರ್ಮಿಸ್ ಜಾತಿಗಳಿಗೆ ಇದು ನಡೆಯದು. ಅದಕ್ಕೆ ಹವಾಯಿ ವಿಶ್ವವಿದ್ಯಾಲಯದ ಮಿನೊರು ತಮಾಶಿರೊ ಮತ್ತು ಸಂಗಡಿಗರು 1973ರಲ್ಲಿ ಸರಳ ಉಪಾಯ ಕೊಟ್ಟರು. ನೆಲಕ್ಕೆ ಮರದ ಗೂಟ ಹೊಡೆದು ನೋಡುವುದು. ಗೆದ್ದಲು ಹತ್ತಿದ ಗೂಟದ ಜಾಗದಲ್ಲಿ ತಳ ತೆಗೆದ ಡಬ್ಬಿ ಇಟ್ಟು, ಅದರೊಳಗೆ ಮರದ ಪೆಟ್ಟಿಗೆ ಇರಿಸಿ ಮುಚ್ಚುವುದು. ಕೆಲವು ವಾರಗಳಲ್ಲಿ ಸಾವಿರಾರು ಗೆದ್ದಲು ತುಂಬಿದ ಪೆಟ್ಟಿಗೆಯನ್ನು ಎತ್ತಿ ಹೊಸದನ್ನು ಇಡುವುದು. ಅದೇ ವರ್ಷ ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ನೆಲದಲ್ಲಿಟ್ಟು ಗೆದ್ದಲಿನ ಓಡಾಟ ಅಳೆಯುವ ಪದ್ಧತಿಯೂ ಪ್ರಕಟವಾಯಿತು. ಈಗ ಬಹಳ ಕಡೆ ಪಿವಿಸಿ ಕೊಳವೆಯೊಳಗೆ ಒದ್ದೆ ರಟ್ಟಿನ ಸುರುಳಿ ಇಡುವುದು ರೂಢಿ.

ಈ ಬೋನುಗಳ ದೊಡ್ಡ ಲಾಭ ಸಂಖ್ಯೆಯಲ್ಲಷ್ಟೇ ಇಲ್ಲ. ಗೂಡಿನ ರಾಣಿ ಉಳಿಯುತ್ತಾಳೆ, ಹುಳು ಬರುವ ದಾರಿ ಉಳಿಯುತ್ತದೆ, ಅದೇ ಗೂಡಿನಿಂದ ವರ್ಷವಿಡೀ ಮತ್ತೆ ಮತ್ತೆ ಗೆದ್ದಲು ಪಡೆಯಬಹುದು. ಹೀಗಾದಾಗ ‘ಇದು ಒಂದನೆಯ ಗೂಡು, ಇದು ಎರಡನೆಯದು’ ಎಂದು ಹೆಸರಿಟ್ಟು ಲೆಕ್ಕವಿಡಲು ಸಾಧ್ಯ. ಸೀಳಿದ ದಿಮ್ಮಿಯ ಗೆದ್ದಲಿಗೆ ಅಂಥ ವಿಳಾಸವಿಲ್ಲ. ಬೋನಿಗೂ ಮಿತಿಯಿದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಗೆದ್ದಲು ಆಳಕ್ಕಿಳಿಯುತ್ತದೆ, ಮಳೆ ಹೆಚ್ಚಾದರೆ ಬೋನಿನಲ್ಲಿ ನೀರು ನಿಂತು ಖಾಲಿಯಾಗುತ್ತದೆ. ತಂದ ಮೇಲೆ ವಿಂಗಡಣೆಯ ಕೆಲಸ. ಪೆಟ್ಟಿಗೆಯ ತುಂಡುಗಳನ್ನು ತಟ್ಟೆಯ ಮೇಲೆ ಮೆಲ್ಲಗೆ ತಟ್ಟಿ ಉದುರಿಸುತ್ತಾರೆ. ಪಕ್ಕದಲ್ಲಿ ಒದ್ದೆ ಕಾಗದ ಇಟ್ಟರೆ ಆರೋಗ್ಯವಂತ ಹುಳುಗಳು ತಾವಾಗಿಯೇ ಅದರ ಕೆಳಗೆ ಸೇರುತ್ತವೆ, ಗಾಯಗೊಂಡವು ಮಣ್ಣು ಕಸದ ಜೊತೆ ಹಿಂದೆ ಉಳಿಯುತ್ತವೆ. ಈ ಸಣ್ಣ ಕ್ರಮದಲ್ಲಿ ಆಯ್ಕೆಯ ಮೊದಲ ಹಂತ ಅಡಗಿದೆ: ನಡೆಯಬಲ್ಲ ಹುಳುವೇ ಪರೀಕ್ಷೆಗೆ ಬರುತ್ತದೆ. ಒಂದೊಂದನ್ನೇ ಎಣಿಸುವುದು ಅಸಾಧ್ಯವಾದಾಗ ಹತ್ತರ ಗುಂಪುಗಳನ್ನು ತೂಗಿ ಸರಾಸರಿ ತೆಗೆದು, ಉಳಿದದ್ದನ್ನು ತೂಕದಿಂದಲೇ ಅಳೆಯುತ್ತಾರೆ. ಒಂದು ಕೆಲಸಗಾರ ಗೆದ್ದಲಿನ ತೂಕ ಕೆಲವೇ ಮಿಲಿಗ್ರಾಂ. ಆ ಸರಾಸರಿ ಕಡಿಮೆಯಾಗಿದ್ದರೆ ಗೂಡು ಎಳೆಯದೋ, ಹಸಿದಿದೆಯೋ ಎಂಬ ಅನುಮಾನಕ್ಕೆ ಅದೇ ಮೊದಲ ಸುಳಿವು.

ಇನ್ನು ಸಾಕಣೆ. ನೆಲದ ಗೆದ್ದಲಿಗೆ ಕತ್ತಲೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣ, ಚೆನ್ನಾದ ತೇವ ಬೇಕು. ತೇವದ ಪ್ರಮಾಣವೇ ಹೆಚ್ಚಿನವರು ಎಡವುವ ಜಾಗ. ಮರಳು ಒಣಗಿದರೆ ಗೆದ್ದಲು ಒಂದೆರಡು ದಿನಗಳಲ್ಲೇ ಬಾಡುತ್ತದೆ, ಹೆಚ್ಚು ನೀರಾದರೆ ಬೂಷ್ಟು ಬೆಳೆಯುತ್ತದೆ, ಬೂಷ್ಟಿನ ಬೆನ್ನಿಗೆ ನುಸಿಗಳು ಬರುತ್ತವೆ. ಅದಕ್ಕೇ ಮರಳಿನ ನೀರು ಹಿಡಿಯುವ ಸಾಮರ್ಥ್ಯ ಮೊದಲೇ ಅಳೆದು ಅದರ ಒಂದು ಪಾಲು ಮಾತ್ರ ನೀರು ಕೊಡುತ್ತಾರೆ. ಹೊಲ ಕಾಡಿನಿಂದ ತಂದ ಗೆದ್ದಲನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೆ ಎರಡು ಪಂಥಗಳಿವೆ. ತಂದ ಕೂಡಲೇ ಪರೀಕ್ಷೆಗೆ ಬಿಡಬೇಕು, ದಿನ ಕಳೆದಂತೆ ಕಸುವು ಇಳಿಯುತ್ತದೆ ಎನ್ನುವುದು ಒಂದು. ಕೆಲವು ದಿನ ಪ್ರಯೋಗಾಲಯದ ಹವೆಗೆ ಒಗ್ಗಿಸಿದರೆ ಹಿಡಿಯುವಾಗ ಪೆಟ್ಟು ತಿಂದವು ಸತ್ತು ಹೋಗಿ ಉಳಿದವು ಸಮವಾಗುತ್ತವೆ ಎನ್ನುವುದು ಇನ್ನೊಂದು. ಎರಡೂ ಭಾಗಶಃ ನಿಜ. ಪೆಟ್ಟು ತಿಂದ ಹುಳುಗಳು ಮೊದಲ ಒಂದೆರಡು ದಿನಗಳಲ್ಲೇ ಬಹುತೇಕ ಸಾಯುವುದರಿಂದ ಒಗ್ಗಿಸುವ ಅವಧಿ ಚಿಕ್ಕದಾಗಿರಬೇಕು. ಅದಕ್ಕಿಂತ ಮುಂದೆ ಕಾಯುವುದರಿಂದ ಸಿಗುವುದು ನಷ್ಟವೇ. ಒಟ್ಟಿನಲ್ಲಿ ಎಷ್ಟು ದಿನ ಇಟ್ಟರು ಎಂಬುದು ವರದಿಯಲ್ಲಿ ಬರಲೇಬೇಕಾದ ಸಂಗತಿ.

ಹೊರಗಿನಿಂದ ತರುವ ಗೋಜೇ ಬೇಡ, ಗೂಡನ್ನೇ ಪ್ರಯೋಗಾಲಯದಲ್ಲಿ ಬೆಳೆಸೋಣ ಎಂಬ ದಾರಿಯೂ ಇದೆ. ಬರ್ಲಿನ್ನಿನ ವಸ್ತು ಪರೀಕ್ಷಣಾ ಸಂಸ್ಥೆಯಲ್ಲಿ ಗುಂಥರ್ ಬೆಕರ್ ಅವರು ಹಲವು ಜಾತಿಯ ಗೆದ್ದಲುಗಳನ್ನು ವರ್ಷಗಟ್ಟಲೆ ಸಾಕಿ, ಸಾಕಣೆ ಮತ್ತು ಪರೀಕ್ಷೆಯ ವಿಧಾನಗಳ ಬಗ್ಗೆ 1969ರಲ್ಲಿ ವಿಸ್ತಾರವಾಗಿ ಬರೆದರು. ಗೆದ್ದಲಿಲ್ಲದ ಚಳಿಯ ನಾಡಿನಲ್ಲಿ ಅದೊಂದೇ ದಾರಿಯಾಗಿತ್ತು. ಫ್ಲಾರಿಡದ ಸಂಶೋಧಕರು ಸಂಜೆ ದೀಪಕ್ಕೆ ಬರುವ ರೆಕ್ಕೆಯ ಗೆದ್ದಲುಗಳನ್ನು ಜೋಡಿ ಮಾಡಿ ಕಾಪ್ಟೊಟರ್ಮಿಸ್ ಗೂಡುಗಳನ್ನು ಆರಂಭದಿಂದಲೇ ಬೆಳೆಸುತ್ತಾರೆ. ವಯಸ್ಸು, ವಂಶ, ಆಹಾರ ಎಲ್ಲವೂ ಗೊತ್ತಿರುವ ಇಂಥ ಗೂಡು ಸಂಶೋಧನೆಗೆ ಅಮೂಲ್ಯ. ಆದರೆ ಒಂದು ಜೋಡಿಯ ಮೊದಲ ವರ್ಷದ ಸಂತಾನ ಕೆಲವು ಡಜನ್ನುಗಳನ್ನು ದಾಟುವುದು ಕಷ್ಟ. ಪರೀಕ್ಷೆಗೆ ಬೇಕಾದ ಸಾವಿರಾರು ಹುಳು ಸಿಗಲು ವರ್ಷಗಳು ಕಾಯಬೇಕು. ಒಂದೇ ಬಗೆಯ ಮೆತ್ತನೆಯ ಮರ ತಿಂದು, ಬರ ಪ್ರವಾಹ ಶತ್ರು ಏನೂ ಕಾಣದೆ ಬೆಳೆದ ಗೂಡು ಹೊರಗಿನ ಗೂಡಿನಂತೆಯೇ ವರ್ತಿಸುತ್ತದೆ ಎಂದು ಮುಂಗಡವಾಗಿ ನಂಬುವಂತಿಲ್ಲ. ಆದ್ದರಿಂದ ದಿನನಿತ್ಯದ ಪರೀಕ್ಷೆಗೆ ಬೋನಿನ ಗೆದ್ದಲು, ಜೀವಶಾಸ್ತ್ರದ ಸೂಕ್ಷ್ಮ ಪ್ರಶ್ನೆಗಳಿಗೆ ಸಾಕಿದ ಗೂಡು ಎಂಬ ಹಂಚಿಕೆ ನ್ಯಾಯವಾದದ್ದು.

ಈ ಎಲ್ಲ ಸೂಕ್ಷ್ಮಗಳನ್ನು ಅಂತರರಾಷ್ಟ್ರೀಯ ಮಾನಕಗಳು ಬಗೆಹರಿಸಿವೆಯಲ್ಲ ಎಂದು ಕೇಳಬಹುದು. ಮಾನಕಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ. ಅಮೆರಿಕದ ಮರ ಸಂರಕ್ಷಣಾ ಸಂಘದ ಇ1 ಪದ್ಧತಿಯಲ್ಲಿ 400 ಗೆದ್ದಲು, ನಾಲ್ಕು ವಾರ, ಮರದ ಸ್ಥಿತಿಗೆ 10ರಿಂದ 0ವರೆಗೆ ಅಂಕ. ಯುರೋಪಿನ ಇಎನ್ 117ರಲ್ಲಿ ರೆಟಿಕ್ಯುಲಿಟರ್ಮಿಸ್‌ನ 250 ಕೆಲಸಗಾರರು, ಎಂಟು ವಾರ, ಹಾನಿಗೆ 0ರಿಂದ 4ರ ಅಂಕ. ಜಪಾನಿನ ಜೆಐಎಸ್ ಕೆ 1571ರಲ್ಲಿ ಕಾಪ್ಟೊಟರ್ಮಿಸ್ ಫಾರ್ಮೊಸಾನಸ್‌ನ 150 ಕೆಲಸಗಾರರು, 15 ಸೈನಿಕರು, ಮೂರು ವಾರ, ಮರ ಕಳೆದುಕೊಂಡ ತೂಕದ ಲೆಕ್ಕ. ಜಾತಿ, ಸಂಖ್ಯೆ, ಅವಧಿ, ಅಂಕ ಒಂದೂ ಹೊಂದುವುದಿಲ್ಲ. ಒಂದರಲ್ಲಿ ತೇರ್ಗಡೆಯಾದ ಮರ ಇನ್ನೊಂದರಲ್ಲಿ ನಪಾಸಾದರೆ ಆಶ್ಚರ್ಯಪಡಬೇಕಿಲ್ಲ. ಇವುಗಳಲ್ಲಿ ನನಗೆ ಅತ್ಯಂತ ವಿವೇಕದ್ದಾಗಿ ಕಾಣುವುದು ಯುರೋಪಿನ ಮಾನಕದ ಒಂದು ಷರತ್ತು: ಔಷಧಿ ಹಾಕದ ಹೋಲಿಕೆ ಮರವನ್ನು ಗೆದ್ದಲು ತೀವ್ರವಾಗಿ ಹಾಳುಮಾಡಿರಬೇಕು, ಆ ಜಾಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರರು ಕೊನೆಯವರೆಗೂ ಬದುಕಿರಬೇಕು, ಇಲ್ಲದಿದ್ದರೆ ಇಡೀ ಪರೀಕ್ಷೆಯೇ ಅಸಿಂಧು. ಮರವನ್ನು ಅಳೆಯುವ ಮುನ್ನ ಗೆದ್ದಲನ್ನು ಅಳೆಯುವ ನಿಯಮ ಇದು.

ಆದರೂ ಸಂಖ್ಯೆ ನಿಗದಿಯಾದರೆ ಕಸುವು ನಿಗದಿಯಾದಂತಲ್ಲ. ಆಸ್ಟ್ರೇಲಿಯದ ಮೈಕೆಲ್ ಲೆನ್ಜ್ ಅವರು 1985ರಲ್ಲಿ ಕಾಪ್ಟೊಟರ್ಮಿಸ್ ಅಸಿನಾಸಿಫಾರ್ಮಿಸ್ ಬಗ್ಗೆ ಪ್ರಕಟಿಸಿದ ಅಧ್ಯಯನದ ವಿಷಯವೇ ಗೂಡಿನಿಂದ ಗೂಡಿಗೆ ಕಸುವು ಬದಲಾಗುವುದು. ಒಂದೇ ಜಾತಿ, ಒಂದೇ ಜಾಡಿ, ಒಂದೇ ಮರ. ಆದರೂ ಒಂದು ಗೂಡಿನ ಗೆದ್ದಲು ಚುರುಕಾಗಿ ತಿಂದು ಬದುಕುತ್ತದೆ, ಇನ್ನೊಂದರದು ಸೊರಗುತ್ತದೆ. ಇದರಿಂದ ಬರುವ ತೀರ್ಮಾನ ಸ್ಪಷ್ಟ. ಒಂದೇ ಗೂಡಿನಿಂದ ಇಪ್ಪತ್ತು ಜಾಡಿ ತುಂಬಿಸಿದರೆ ಇಪ್ಪತ್ತು ಸಾಕ್ಷಿಗಳು ಸಿಕ್ಕಂತಲ್ಲ, ಒಬ್ಬನೇ ಸಾಕ್ಷಿಯನ್ನು ಇಪ್ಪತ್ತು ಸಲ ಕೇಳಿದಂತೆ. ಕನಿಷ್ಠ ಮೂರು ನಾಲ್ಕು ಗೂಡುಗಳು ಬೇಕು, ಪ್ರತಿ ಗೂಡಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬೇಕು, ಬೇರೆ ಬೇರೆ ಗೂಡಿನ ಗೆದ್ದಲುಗಳನ್ನು ಒಂದೇ ಜಾಡಿಯಲ್ಲಿ ಬೆರೆಸಬಾರದು, ಬೆರೆಸಿದರೆ ಅವು ಕಾದಾಡಬಹುದು. ಹೋಲಿಕೆ ಜಾಡಿಯಲ್ಲಿ ಸತ್ತವುಗಳ ಲೆಕ್ಕ ಕಳೆದು ಔಷಧಿಯಿಂದಾದ ಸಾವನ್ನು ಮಾತ್ರ ಹೇಳುವ ಸೂತ್ರವನ್ನು ಡಬ್ಲ್ಯು. ಎಸ್. ಅಬಟ್ 1925ರಲ್ಲೇ ಕೊಟ್ಟಿದ್ದಾರೆ, ಹಾಗಿದ್ದಮೇಲೆ ಸೊರಗಿದ ಗೂಡಿನ ಚಿಂತೆ ಏಕೆ ಎಂಬ ಆಕ್ಷೇಪವಿದೆ. ಅಬಟ್ ಸೂತ್ರ ಸಾವಿನ ಸಂಖ್ಯೆಯನ್ನು ಸರಿಪಡಿಸುತ್ತದೆ, ಹಸಿವನ್ನು ಸರಿಪಡಿಸುವುದಿಲ್ಲ. ಬಲಹೀನ ಗೆದ್ದಲು ಕಡಿಮೆ ತಿನ್ನುತ್ತದೆ, ಕಡಿಮೆ ತಿಂದರೆ ಕಡಿಮೆ ವಿಷ ಹೊಟ್ಟೆಗೆ ಹೋಗುತ್ತದೆ, ಮರವೂ ಕಡಿಮೆ ಹಾಳಾಗುತ್ತದೆ. ಎರಡು ದಿಕ್ಕಿಗೆ ಎಳೆಯುವ ಈ ತಪ್ಪುಗಳನ್ನು ಯಾವ ಗುಣಾಕಾರವೂ ಬಿಡಿಸಲಾರದು.

ಜಾತಿಯ ಗುರುತೂ ಅಷ್ಟೇ ಮುಖ್ಯ. ರೆಟಿಕ್ಯುಲಿಟರ್ಮಿಸ್ ಫ್ಲೇವಿಪಿಸ್ ಅಮೆರಿಕ ಮೂಲದ ಗೆದ್ದಲು. ಆದರೆ ವಿಜ್ಞಾನ ಅದನ್ನು ಮೊದಲು ವಿವರಿಸಿದ್ದು 1837ರಲ್ಲಿ, ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಗಾಜಿನ ಮನೆಗಳಲ್ಲಿ ಸಿಕ್ಕ ಹುಳುಗಳಿಂದ. ಫ್ರಾನ್ಸಿನ ರೆಟಿಕ್ಯುಲಿಟರ್ಮಿಸ್ ಸ್ಯಾಂಟೊನೆನ್ಸಿಸ್ ಎಂಬ ಹೆಸರಿನಲ್ಲಿ ಯುರೋಪಿನ ಪ್ರಯೋಗಾಲಯಗಳು ಬಹುಕಾಲ ಬಳಸಿದ ಗೆದ್ದಲೂ ಅದೇ ಅಮೆರಿಕದ ಜಾತಿಯೆಂದು 2005ರ ಡಿಎನ್‌ಎ ಅಧ್ಯಯನ ತೋರಿಸಿತು. ಈ ಇತಿಹಾಸದಿಂದ ಎರಡು ಪಾಠ. ಗೆದ್ದಲು ಹಡಗು, ಕುಂಡ, ಮರದ ಪೆಟ್ಟಿಗೆಗಳಲ್ಲಿ ಖಂಡ ದಾಟಿ ನೆಲೆಸಬಲ್ಲದು, ಆದ್ದರಿಂದ ಮಾನಕದಲ್ಲಿ ಹೆಸರಿದೆಯೆಂಬ ಕಾರಣಕ್ಕೆ ಪರದೇಶದ ಜಾತಿಯನ್ನು ತಂದು ಸಾಕುವುದು ಬೇಜವಾಬ್ದಾರಿ. ಹಾಗೆಯೇ ಪ್ರತಿ ಪರೀಕ್ಷೆಯಲ್ಲಿ ಬಳಸಿದ ಗೆದ್ದಲಿನ ಕೆಲವು ಸೈನಿಕರನ್ನು ಆಲ್ಕೊಹಾಲಿನಲ್ಲಿ ಕಾದಿಡಬೇಕು. ಇಂದು ಇಟ್ಟ ಹೆಸರು ನಾಳೆ ಬದಲಾದರೂ ಮಾದರಿ ಉಳಿದಿದ್ದರೆ ಫಲಿತಾಂಶವೂ ಉಳಿಯುತ್ತದೆ.

ನಮ್ಮ ದೇಶದ ತೊಡಕು ಇಲ್ಲಿಂದ ಶುರುವಾಗುತ್ತದೆ. ಕರ್ನಾಟಕದ ಹೊಲ ತೋಟಗಳಲ್ಲಿ, ಬೇಲಿ ಕಂಬದಲ್ಲಿ, ಮಣ್ಣಿನ ಪದರ ಹೊದಿಸಿಕೊಂಡು ಮರ ತಿನ್ನುವ ಗೆದ್ದಲು ಹೆಚ್ಚಾಗಿ ಒಡಾಂಟೊಟರ್ಮಿಸ್ ಕುಲದ್ದು. ದೊಡ್ಡ ಹುತ್ತಗಳನ್ನು ಕಟ್ಟುವವುಗಳಲ್ಲೂ ಇದೇ ಕುಲದ ಜಾತಿಗಳಿವೆ. ಇದರ ಕರುಳಿನಲ್ಲಿ ಆ ಏಕಕೋಶ ಜೀವಿಗಳಿಲ್ಲ. ತಿಂದ ಮರವನ್ನು ಹುತ್ತದೊಳಗೆ ತಂದು, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರದ ತೋಟ ಬೆಳೆಸಿ, ಆ ತೋಟದಿಂದ ಆಹಾರ ಪಡೆಯುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ರುಚಿಕರ ಅಣಬೆ ಈ ಶಿಲೀಂಧ್ರದ್ದೇ. ತೋಟದಿಂದ ಬೇರ್ಪಡಿಸಿ ಮರದ ತುಂಡಿನೊಂದಿಗೆ ಜಾಡಿಗೆ ಹಾಕಿದರೆ ಒಡಾಂಟೊಟರ್ಮಿಸ್ ಬೇಗ ಸಾಯುತ್ತದೆ. ತೋಟವನ್ನೂ ಜೊತೆಗೆ ತಂದರೆ ಅದನ್ನು ಸದಾ ಶುಚಿಯಾಗಿಡಲು ಸಾಕಷ್ಟು ಕೆಲಸಗಾರರು ಬೇಕು; ಕಡಿಮೆಯಾದರೆ ಕಳೆಯಂಥ ಕ್ಸೈಲೇರಿಯ ಶಿಲೀಂಧ್ರ ಮೇಲೆದ್ದು ತೋಟವನ್ನು ನುಂಗುತ್ತದೆ. ಮುಂಗಾರಿನ ಮೊದಲ ಮಳೆಗೆ ಹಾರುವ ರೆಕ್ಕೆಯ ಹುಳುಗಳನ್ನು ಜೋಡಿ ಮಾಡಿ ಸಾಕೋಣವೆಂದರೆ, ಈ ಕುಲದ ರಾಣಿ ರಾಜರು ತವರಿನಿಂದ ಶಿಲೀಂಧ್ರದ ಬೀಜ ತರುವುದಿಲ್ಲ. ಮೊದಲ ಕೆಲಸಗಾರರು ಹೊರಗಿನಿಂದ ಬೀಜಾಣು ಹೊತ್ತು ತರಬೇಕು. ಪ್ರಯೋಗಾಲಯದಲ್ಲಿ ಅದನ್ನು ನಾವೇ, ಸರಿಯಾದ ಹೊತ್ತಿಗೆ ಒದಗಿಸಬೇಕು. ಯುರೋಪ್, ಜಪಾನ್, ಅಮೆರಿಕದ ಮಾನಕಗಳು ಬರೆಯಲ್ಪಟ್ಟದ್ದು ಈ ತೊಂದರೆಯಿಲ್ಲದ ಗೆದ್ದಲುಗಳಿಗಾಗಿ. ಆ ಪುಸ್ತಕ ಹಿಡಿದು ಒಡಾಂಟೊಟರ್ಮಿಸ್ ಪರೀಕ್ಷೆ ಮಾಡಿದರೆ ಅಳತೆಗೆ ಸಿಗುವುದು ಮರದ ಗುಣಕ್ಕಿಂತ ಹೆಚ್ಚಾಗಿ ಹುಳುವಿನ ಸಾವು.

ನಮ್ಮ ಹಿಂದಿನವರಿಗೆ ಈ ಸಮಸ್ಯೆ ಗೊತ್ತಿತ್ತು. ಡೆಹ್ರಾಡೂನಿನಲ್ಲಿ ಪಿ. ಕೆ. ಸೆನ್-ಶರ್ಮ ಮತ್ತಿತರರು ಮರಗಳ ಸಹಜ ನಿರೋಧವನ್ನು ಪ್ರಯೋಗಾಲಯದಲ್ಲಿ ಅಳೆಯಲು ಮೈಕ್ರೊಸೆರೊಟರ್ಮಿಸ್ ಬೀಸನಿ ಎಂಬ ಜಾತಿಯನ್ನು ಆರಿಸಿಕೊಂಡರು. ಅರಣ್ಯ ಕೀಟಶಾಸ್ತ್ರಜ್ಞ ಸಿ. ಎಫ್. ಸಿ. ಬೀಸನ್ ಅವರ ಹೆಸರು ಹೊತ್ತ ಈ ಗೆದ್ದಲು ಶಿಲೀಂಧ್ರ ಬೆಳೆಸುವುದಿಲ್ಲ, ನೇರವಾಗಿ ಮರ ತಿನ್ನುತ್ತದೆ. ಇನ್ನೊಂದೆಡೆ ಅಂಗಳ ಪರೀಕ್ಷೆಯ ಗಟ್ಟಿ ಸಂಪ್ರದಾಯ ಬೆಳೆಯಿತು. ಮರದ ಗೂಟಗಳನ್ನು ಗೆದ್ದಲಿರುವ ನೆಲದಲ್ಲಿ ಸಾಲಾಗಿ ಹೂತು, ಕಾಲಕಾಲಕ್ಕೆ ಕಿತ್ತು ನೋಡುವ ವಿಧಾನ ಅದು. ಭಾರತೀಯ ಮಾನಕ ಐಎಸ್ 401ರ ವರ್ಗೀಕರಣ ಇದನ್ನೇ ಆಧರಿಸಿದೆ: ಚೇಗಿನ ಸರಾಸರಿ ಆಯುಷ್ಯ 120 ತಿಂಗಳು ಅಥವಾ ಹೆಚ್ಚಾದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ ಮೊದಲ ದರ್ಜೆಯಲ್ಲಿ, ಮಾವು ಮೂರನೆಯದರಲ್ಲಿ ನಿಲ್ಲುವುದು ಈ ಲೆಕ್ಕದಿಂದ. 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಮಲ್ಲೇಶ್ವರದ ಕೇಂದ್ರವೂ ದಕ್ಷಿಣದ ಮರಗಳನ್ನು, ಆಮದು ಮರಗಳನ್ನು ಹೀಗೆ ನೆಲದಲ್ಲಿ ಹೂತು ಪರೀಕ್ಷಿಸುತ್ತ ಬಂದಿದೆ.

ಹಾಗಾದರೆ ಅಂಗಳ ಪರೀಕ್ಷೆಯೇ ಸಾಕು, ಜಾಡಿಯ ಜಂಜಾಟ ಏಕೆ ಎಂಬುದು ಬಲವಾದ ಆಕ್ಷೇಪ. ನೆಲದಲ್ಲಿ ರಾಣಿಯಿದೆ, ತೋಟವಿದೆ, ಮಳೆ ಬಿಸಿಲಿದೆ. ಅಲ್ಲಿ ಉಳಿದ ಮರ ನಿಜಕ್ಕೂ ಉಳಿದ ಮರ. ಒಡಾಂಟೊಟರ್ಮಿಸ್ ವಿಷಯದಲ್ಲಿ ಈ ಮಾತನ್ನು ಪೂರ್ತಿ ಒಪ್ಪಬೇಕು. ಆದರೆ ಅಂಗಳಕ್ಕೆ ಮೂರು ಕೊರತೆಗಳಿವೆ. ಮೊದಲ ದರ್ಜೆಯ ಮರವೆಂದು ಹೇಳಲು ಹತ್ತು ವರ್ಷ ಕಾಯಬೇಕು. ಹೊಸ ಸಂರಕ್ಷಕದ ಹತ್ತು ಪ್ರಮಾಣಗಳಲ್ಲಿ ಯಾವುದು ಸರಿಯೆಂದು ತಿಳಿಯಲು ಅಷ್ಟು ಸಮಯ ಯಾರಿಗೂ ಇಲ್ಲ. ಎರಡನೆಯದಾಗಿ, ನೆಲದಲ್ಲಿ ಗೂಟ ಕೊಳೆತದ್ದು ಶಿಲೀಂಧ್ರದಿಂದಲೋ ಗೆದ್ದಲಿನಿಂದಲೋ ಎಂದು ಯಾವಾಗಲೂ ಬಿಡಿಸಿ ಹೇಳಲಾಗದು. ಮೂರನೆಯದಾಗಿ, ಯಾವ ಗೂಟಕ್ಕೆ ಗೆದ್ದಲು ಬಂತು, ಯಾವುದಕ್ಕೆ ಬರಲೇ ಇಲ್ಲ ಎಂಬುದರಲ್ಲಿ ಅದೃಷ್ಟದ ಪಾಲಿದೆ. ಬಾರದ ಗೂಟ ನಿರೋಧಕವೆಂದು ತಪ್ಪಾಗಿ ಗೆಲ್ಲಬಹುದು. ಆದ್ದರಿಂದ ಜಾಡಿ ಸೋಸುವ ಜರಡಿಯಾಗಲಿ, ಅಂಗಳ ಕೊನೆಯ ತೀರ್ಪು ಕೊಡಲಿ. ಜರಡಿಗೆ ಬೇಕಾದ ಗೆದ್ದಲುಗಳು ನಮ್ಮಲ್ಲೇ ಇವೆ: ಕಾಪ್ಟೊಟರ್ಮಿಸ್ ಹೈಮಿ, ಹೆಟೆರೊಟರ್ಮಿಸ್ ಇಂಡಿಕೋಲ, ಮೈಕ್ರೊಸೆರೊಟರ್ಮಿಸ್. ಇವು ಶಿಲೀಂಧ್ರದ ತೋಟವಿಲ್ಲದೆ ಬದುಕುತ್ತವೆ, ಕಟ್ಟಡದ ಮರಕ್ಕೂ ಹಾನಿ ಮಾಡುತ್ತವೆ.

ಖರ್ಚಿನ ಆಕ್ಷೇಪ ಇನ್ನೊಂದು. ಮೂರು ನಾಲ್ಕು ಗೂಡುಗಳಿಂದ ಹುಳು ತರಬೇಕು, ಬೋನುಗಳನ್ನು ವರ್ಷವಿಡೀ ನೋಡಿಕೊಳ್ಳಬೇಕು, ಉಷ್ಣ ತೇವ ನಿಯಂತ್ರಿಸುವ ಕೋಣೆ ಬೇಕು. ಸಣ್ಣ ಕಾಲೇಜಿನ ಪ್ರಯೋಗಾಲಯಕ್ಕೆ ಇದು ಹೊರೆಯಲ್ಲವೇ? ಕೊಳವೆ, ರಟ್ಟು, ಮೆತ್ತನೆಯ ಮರದ ತುಂಡುಗಳಿಗೆ ಹೆಚ್ಚು ಹಣ ಬೇಡ. ಬೇಕಾದದ್ದು ನಿಯಮಿತವಾಗಿ ನೋಡುವ ಜನ, ಬರೆದಿಡುವ ಶಿಸ್ತು. ನಿಯಂತ್ರಿತ ಕೋಣೆ ದುಬಾರಿಯೇನೋ ಹೌದು, ಆದರೆ ಅದನ್ನು ಪ್ರತಿ ಕಾಲೇಜೂ ಕಟ್ಟಬೇಕಿಲ್ಲ. ಕೃಷಿ ಮತ್ತು ಅರಣ್ಯ ವಿಶ್ವವಿದ್ಯಾಲಯಗಳು ಹಂಚಿಕೊಂಡು ಬಳಸಬಹುದು. ಗೆದ್ದಲು ಬೇಕೆಂದು ಹುತ್ತ ಅಗೆಯುವುದಕ್ಕೆ ಬರುವ ಆಕ್ಷೇಪವೂ ನ್ಯಾಯವಾದದ್ದೇ. ಕರ್ನಾಟಕದಲ್ಲಿ ಹಲವು ಹುತ್ತಗಳು ನಾಗರ ಪಂಚಮಿಗೆ ಹಾಲೆರೆಯುವ ಪೂಜಾಸ್ಥಾನಗಳು, ಮಣ್ಣಿನ ಆರೋಗ್ಯಕ್ಕೂ ಅವು ಬೇಕು. ಬೋನಿನ ವಿಧಾನದಲ್ಲಿ ಹುತ್ತ ಮುಟ್ಟುವ ಅಗತ್ಯವೇ ಇಲ್ಲ. ಗೂಡು ಉಳಿಯುವುದರಿಂದ ವಿಜ್ಞಾನಕ್ಕೂ ಅದೇ ಲಾಭ. ಹುತ್ತ ಒಡೆದು ಒಂದು ಸಲ ಚೀಲ ತುಂಬಿಸಿಕೊಂಡು ಬರುವ ಪದ್ಧತಿ ಈಗಲಾದರೂ ನಿಲ್ಲಬೇಕು.

ಒಟ್ಟು ನೋಡಿದರೆ ತೀರ್ಮಾನ ಹೀಗೆ. ಗೆದ್ದಲು ನಿರೋಧ ಮರವೊಂದರ ಸ್ಥಿರ ಗುಣವಲ್ಲ. ಇಂಥ ಮರ, ಇಂಥ ಜಾತಿಯ ಇಂಥ ಗೂಡುಗಳ ಮುಂದೆ, ಇಂಥ ಸ್ಥಿತಿಯಲ್ಲಿ ಇಷ್ಟು ಕಾಲ ನಿಂತಿತು ಎಂಬ ವಾಕ್ಯ ಮಾತ್ರ ಸತ್ಯ. ಆ ವಾಕ್ಯದ ಅರ್ಧ ಭಾಗ ಗೆದ್ದಲಿನದು. ಭಾರತೀಯ ಮಾನಕ ಬ್ಯೂರೊ ಮತ್ತು ನಮ್ಮ ಮರ ಸಂಶೋಧನಾ ಸಂಸ್ಥೆಗಳು ಪ್ರತಿ ಪರೀಕ್ಷಾ ವರದಿಯಲ್ಲಿ ಕೆಲವು ಸಾಲುಗಳನ್ನು ಕಡ್ಡಾಯ ಮಾಡಬೇಕು: ಗೆದ್ದಲಿನ ಜಾತಿ, ಹಿಡಿದ ಜಾಗ ಮತ್ತು ತಿಂಗಳು, ಗೂಡುಗಳ ಸಂಖ್ಯೆ, ಹಿಡಿದ ಮೇಲೆ ಇಟ್ಟ ದಿನಗಳು, ಹೋಲಿಕೆ ಜಾಡಿಯಲ್ಲಿ ಬದುಕಿದ ಶೇಕಡಾ ಪ್ರಮಾಣ, ಹೋಲಿಕೆ ಮರಕ್ಕಾದ ಹಾನಿ. ಹೋಲಿಕೆ ಜಾಡಿ ಸೋತಿದ್ದರೆ ಉಳಿದ ಅಂಕಗಳನ್ನು ಪ್ರಕಟಿಸಲೇಬಾರದು. ಹಾಗೆಯೇ ಜಾಡಿಯ ಪರೀಕ್ಷೆಯೊಂದನ್ನೇ ನಂಬಿ, ಒಡಾಂಟೊಟರ್ಮಿಸ್ ಇರುವ ನೆಲದಲ್ಲಿ ಹೂಳದೆ, ‘ಭಾರತದ ಗೆದ್ದಲಿಗೆ ನಿರೋಧಕ’ ಎಂದು ಮುದ್ರೆ ಒತ್ತಲು ಅವಕಾಶವಿರಬಾರದು. ಮನೆ ಕಟ್ಟುವವರೂ ಕೊಳ್ಳುವ ಮುನ್ನ ಪರೀಕ್ಷಾ ವರದಿ ಕೇಳಲಿ. ಅದರಲ್ಲಿ ಔಷಧಿಯ ಹೆಸರಿದ್ದು ಗೆದ್ದಲಿನ ಹೆಸರಿಲ್ಲದಿದ್ದರೆ ಆ ಪರೀಕ್ಷೆ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.